ಕರುಳಿನ ಗಂಟನ್ನು ಎತ್ತಿ ತೆಗೆಯಲು ಯಾವ ದ್ರಾವಣ: ಸಲೈನ್‌ನಿಂದ ಮೆಸ್ನಾದವರೆಗೆ ಒಂದು ಹೋಲಿಕೆ

ದೊಡ್ಡ ಕರುಳು, ಜಠರ ಅಥವಾ ಅನ್ನನಾಳದ ಒಳಮೈಯಲ್ಲಿ ಬೆಳೆದ ಚಪ್ಪಟೆ ಗಂಟನ್ನು ಹೊಟ್ಟೆ ಕೊಯ್ಯದೆ ಎಂಡೋಸ್ಕೋಪಿಯ ಮೂಲಕವೇ ತೆಗೆಯುವಾಗ, ಗಂಟಿನ ಅಡಿಗೆ ಸೂಜಿಯಿಂದ ಒಂದು ದ್ರಾವಣವನ್ನು ತುಂಬಿ ಅದನ್ನು ಮೇಲೆತ್ತಿಕೊಳ್ಳುವುದು ವಾಡಿಕೆ. ಆ ದ್ರಾವಣ ವಾರ್ಡಿನಲ್ಲಿ ದಿನವೂ ಏರಿಸುವ ಸಲೈನ್ ಆಗಿರಬಹುದು, ಸವೆದ ಮೊಣಕಾಲಿಗೆ ಚುಚ್ಚುವ ಹೈಲುರಾನಿಕ್ ಆಮ್ಲ ಆಗಿರಬಹುದು, ಕ್ಯಾನ್ಸರ್ ವಿಭಾಗದ ಕಪಾಟಿನಲ್ಲಿರುವ ಮೆಸ್ನಾ ಕೂಡ ಆಗಿರಬಹುದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಊರುಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಅವುಗಳ ಹೊರಗೂ ಎಂಡೋಸ್ಕೋಪಿ ಮಾಡುವ ಆಸ್ಪತ್ರೆಗಳಿವೆ. ಯಾವ ಗಂಟನ್ನು ಇಲ್ಲಿಯೇ ತೆಗೆಯಬಹುದು, ಯಾವುದನ್ನು ಹುಬ್ಬಳ್ಳಿ, ಮಿರಜ್ ಅಥವಾ ಬೆಂಗಳೂರಿಗೆ ಕಳುಹಿಸಬೇಕು ಎಂಬ ನಿರ್ಧಾರದಲ್ಲಿ ಈ ದ್ರಾವಣದ ಪ್ರಶ್ನೆಯೂ ಅಡಗಿದೆ. ಎಂಡೋಸ್ಕೋಪಿ ಕೊಠಡಿಯ ಶುಶ್ರೂಷಕರು, ತಂತ್ರಜ್ಞರು, ಔಷಧ ಖರೀದಿಯ ಹೊಣೆ ಹೊತ್ತವರು, ಸ್ನಾತಕೋತ್ತರ ವಿದ್ಯಾರ್ಥಿಗಳು, ಹಾಗೆಯೇ ತಮ್ಮ ಮನೆಯವರಿಗೆ ಏನು ಮಾಡಲಾಗುತ್ತಿದೆ ಎಂದು ತಿಳಿಯಬಯಸುವವರು, ಇವರೆಲ್ಲರನ್ನೂ ಮನಸ್ಸಿನಲ್ಲಿಟ್ಟು ಇದನ್ನು ಬರೆಯಲಾಗಿದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ದ್ರಾವಣ ಉತ್ತಮ ಎಂದು ಕೇಳುವ ಮುನ್ನ, ಗಂಟು ಎಷ್ಟು ಹೊತ್ತು ಎದ್ದು ನಿಲ್ಲಬೇಕು ಎಂದು ಕೇಳಬೇಕು. ಐದು ನಿಮಿಷದ ಕೆಲಸಕ್ಕೂ ಒಂದೂವರೆ ತಾಸಿನ ಕೆಲಸಕ್ಕೂ ಒಂದೇ ದ್ರಾವಣವನ್ನು ಹೊಂದಿಸಲು ಹೋದಾಗ ಮೊದಲನೆಯದರಲ್ಲಿ ಹಣ ವ್ಯರ್ಥವಾಗುತ್ತದೆ, ಎರಡನೆಯದರಲ್ಲಿ ರೋಗಿಗೆ ಅಪಾಯವಾಗುತ್ತದೆ.

ಎತ್ತುವುದು ಏಕೆ

ಕರುಳಿನ ಗೋಡೆಯಲ್ಲಿ ಒಳಗಿನಿಂದ ಹೊರಕ್ಕೆ ಲೋಳೆಪೊರೆ, ಅದರ ಕೆಳಗೆ ಸಡಿಲವಾದ ಸಬ್‌ಮ್ಯೂಕೋಸಾ, ಅದರಾಚೆ ಸ್ನಾಯುಪದರ, ಕೊನೆಗೆ ಹೊರಪೊರೆ ಎಂಬ ಪದರಗಳಿವೆ. ಅನ್ನನಾಳಕ್ಕೆ ಈ ಹೊರಪೊರೆ ಇಲ್ಲ. ಪಾಲಿಪ್ ಎಂದು ಕರೆಯುವ ಗಂಟುಗಳು ಮತ್ತು ಆರಂಭದ ಹಂತದ ಕ್ಯಾನ್ಸರ್ ಲೋಳೆಪೊರೆಯಲ್ಲಿ ಇರುತ್ತವೆ. ದ್ರಾವಣವು ಸಬ್‌ಮ್ಯೂಕೋಸಾದಲ್ಲಿ ತುಂಬಿಕೊಂಡಾಗ, ಹೆಂಚಿನ ಮೇಲೆ ಜೋಳದ ರೊಟ್ಟಿ ಉಬ್ಬಿ ಮೇಲಿನ ಪದರ ಕೆಳಗಿನದನ್ನು ಬಿಟ್ಟು ಏಳುವಂತೆ, ಲೋಳೆಪೊರೆಯು ಸ್ನಾಯುಪದರದಿಂದ ದೂರ ಸರಿಯುತ್ತದೆ. ಆ ದೂರವೇ ರಕ್ಷಣೆ. ವಿದ್ಯುತ್ತಿನ ಬಿಸಿ ಸ್ನಾಯುವನ್ನು ತಲುಪುವುದು ಕಡಿಮೆಯಾಗುತ್ತದೆ, ಗೋಡೆ ತೂತಾಗುವ ಸಂಭವ ತಗ್ಗುತ್ತದೆ, ಚಪ್ಪಟೆಯಾಗಿ ಅಂಟಿಕೊಂಡಿದ್ದ ಗಂಟಿನ ಅಂಚುಗಳು ಕಣ್ಣಿಗೆ ಸ್ಪಷ್ಟವಾಗಿ ಬೀಳುತ್ತವೆ, ಸ್ನೇರ್ ಎಂದು ಕರೆಯುವ ತಂತಿಯ ಕುಣಿಕೆಗೆ ಹಿಡಿತ ಸಿಗುತ್ತದೆ.

ಎತ್ತಿದ ಮೇಲೆ ತೆಗೆಯುವ ವಿಧಾನಗಳು ಮುಖ್ಯವಾಗಿ ಎರಡು. ಕುಣಿಕೆ ಹಾಕಿ ಕತ್ತರಿಸುವುದಕ್ಕೆ ಇಎಂಆರ್ ಎನ್ನುತ್ತಾರೆ. ಇದರಲ್ಲಿ ಸುಮಾರು 20 ಮಿಲಿಮೀಟರ್‌ವರೆಗಿನ ಗಂಟನ್ನು ಒಂದೇ ತುಂಡಾಗಿ ತೆಗೆಯಲು ಸಾಧ್ಯ. ಅದಕ್ಕಿಂತ ದೊಡ್ಡದಾದರೆ ಸಾಮಾನ್ಯವಾಗಿ ತುಂಡುತುಂಡಾಗಿ ಬರುತ್ತದೆ. 1990ರ ದಶಕದಲ್ಲಿ ಜಪಾನಿನಲ್ಲಿ ರೂಪುಗೊಂಡ ಇಎಸ್‌ಡಿ ವಿಧಾನದಲ್ಲಿ ಸಣ್ಣ ವಿದ್ಯುತ್ ಚಾಕುವಿನಿಂದ ಗಂಟಿನ ಸುತ್ತ ಗೆರೆ ಕೊರೆದು, ಸಬ್‌ಮ್ಯೂಕೋಸಾವನ್ನು ಸ್ವಲ್ಪಸ್ವಲ್ಪವಾಗಿ ಬಿಡಿಸುತ್ತ ಹೋಗಿ, ದೊಡ್ಡ ಗಂಟನ್ನೂ ಇಡಿಯಾಗಿ ತೆಗೆಯುತ್ತಾರೆ. ಮೊದಲನೆಯದಕ್ಕೆ ಕೆಲವು ನಿಮಿಷಗಳ ಎತ್ತರ ಸಾಕು, ಎರಡನೆಯದಕ್ಕೆ ತಾಸುಗಳ ಎತ್ತರ ಬೇಕಾಗಬಹುದು.

ದ್ರಾವಣವೇ ಬೇಡದ ಸಂದರ್ಭ

ಹೋಲಿಕೆಯ ಪಟ್ಟಿಗಳಲ್ಲಿ ಈ ಆಯ್ಕೆಯನ್ನು ಬಿಟ್ಟುಬಿಡುವುದುಂಟು. 10 ಮಿಲಿಮೀಟರ್‌ಗಿಂತ ಚಿಕ್ಕ ಪಾಲಿಪ್‌ಗಳನ್ನು ವಿದ್ಯುತ್ತಿಲ್ಲದೆ ತಣ್ಣನೆಯ ಕುಣಿಕೆಯಿಂದಲೇ ಕತ್ತರಿಸಬಹುದು. ಬಿಸಿಯೇ ಇಲ್ಲದ ಕಾರಣ ಅವುಗಳಿಗೆ ಸಾಮಾನ್ಯವಾಗಿ ಅಡಿಯ ರಕ್ಷಣೆ ಬೇಕಾಗುವುದಿಲ್ಲ. ಇನ್ನೊಂದು, 2012ರಲ್ಲಿ ವರದಿಯಾದ ನೀರಿನಡಿಯ ಇಎಂಆರ್. ಕರುಳಿಗೆ ಗಾಳಿಯ ಬದಲು ನೀರು ತುಂಬಿದಾಗ ಗೋಡೆ ಹಿಗ್ಗದೆ, ಗಂಟು ತಾನಾಗಿಯೇ ಒಳಕ್ಕೆ ತೇಲಿಕೊಂಡು ಬರುತ್ತದೆ, ಸ್ನಾಯುಪದರ ತನ್ನ ಸ್ಥಾನದಲ್ಲಿಯೇ ಉಳಿಯುತ್ತದೆ. ಹಿಂದೆ ಅರೆಬರೆ ತೆಗೆದು ಕಲೆಗಟ್ಟಿದ, ಆದ್ದರಿಂದ ಚುಚ್ಚಿದರೂ ಏಳದ ಗಂಟುಗಳಿಗೆ ಇದು ವಿಶೇಷವಾಗಿ ಉಪಯುಕ್ತ. ದುಬಾರಿ ಜೆಲ್ ತರಿಸುವ ಮೊದಲು ಈ ಎರಡೂ ಕೌಶಲಗಳು ಕೊಠಡಿಯಲ್ಲಿ ಇವೆಯೇ ಎಂದು ನೋಡಿಕೊಳ್ಳುವುದು ಜಾಣತನ.

ಸಲೈನ್, ಮತ್ತು ಅದರ ಮಿತಿ

0.9 ಪ್ರತಿಶತದ ಸಲೈನ್ ಈ ಕೆಲಸದಲ್ಲಿ ಎಲ್ಲಕ್ಕಿಂತ ಹಳೆಯದು. ಗುದನಾಳದ ಪಾಲಿಪ್ ಅಡಿಗೆ ಅದನ್ನು ಚುಚ್ಚುವ ವಿಧಾನ 1955ರಲ್ಲಿ ವರದಿಯಾಯಿತು, ಬಾಗುವ ಎಂಡೋಸ್ಕೋಪಿನ ಕಾಲದಲ್ಲಿ 1973ರಲ್ಲಿ ದೊಡ್ಡ ಕರುಳಿಗೆ ಬಂದಿತು. ಅದು ಅಗ್ಗ, ಎಲ್ಲೆಡೆ ಸಿಗುತ್ತದೆ, ಅಂಗಾಂಶಕ್ಕೆ ಹಾನಿ ಮಾಡುವುದಿಲ್ಲ, ಸಣ್ಣ ಸೂಜಿಯಲ್ಲಿ ಸಲೀಸಾಗಿ ಹೋಗುತ್ತದೆ, ರೋಗಶಾಸ್ತ್ರ ತಜ್ಞರ ಸೂಕ್ಷ್ಮದರ್ಶಕದಡಿಯಲ್ಲಿ ಗೊಂದಲ ಉಂಟುಮಾಡುವುದಿಲ್ಲ. ಅದರ ದೋಷ ಒಂದೇ, ಆದರೆ ದೊಡ್ಡದು: ಕೆಲವೇ ನಿಮಿಷಗಳಲ್ಲಿ ಸುತ್ತಲಿನ ಅಂಗಾಂಶಕ್ಕೆ ಹರಡಿ ಇಂಗಿಹೋಗುತ್ತದೆ. 15 ಮಿಲಿಮೀಟರ್‌ನ ಪಾಲಿಪ್ ಇದ್ದು, ಕುಣಿಕೆ ಸಿದ್ಧವಾಗಿದ್ದು, ಕೈ ಪಳಗಿದ್ದರೆ ಇದು ದೋಷವೇ ಅಲ್ಲ. ತುಂಡುತುಂಡಾಗಿ ತೆಗೆಯುವ ದೊಡ್ಡ ಗಂಟಿನಲ್ಲಿ ಮಾತ್ರ ಮತ್ತೆಮತ್ತೆ ಚುಚ್ಚಬೇಕಾಗುತ್ತದೆ, ಪ್ರತಿ ಚುಚ್ಚಿನಲ್ಲೂ ರಕ್ತ ಸೋರಿ ನೋಟ ಮಸುಕಾಗುತ್ತದೆ.

ಸಲೈನ್ ಬೇಗ ಇಳಿಯುತ್ತದೆ ಎಂದು ಕೈಗೆಟುಕುವ ಗಾಢ ಡೆಕ್ಸ್ಟ್ರೋಸನ್ನು ಎತ್ತಿಕೊಳ್ಳುವ ಅಭ್ಯಾಸ ಸರಿಯಲ್ಲ. 50 ಪ್ರತಿಶತದ ಡೆಕ್ಸ್ಟ್ರೋಸ್ ಹೆಚ್ಚು ಹೊತ್ತು ನಿಲ್ಲುವುದು ನಿಜ, ಆದರೆ 20 ಪ್ರತಿಶತ ಮತ್ತು ಅದಕ್ಕಿಂತ ಗಾಢವಾದ ಸಕ್ಕರೆಯ ದ್ರಾವಣಗಳು ಅಂಗಾಂಶವನ್ನೇ ಹಾಳು ಮಾಡುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಗಾಢವಾದ ಉಪ್ಪಿನ ದ್ರಾವಣದ ಕಥೆಯೂ ಇದೇ. ಸುರಕ್ಷತೆಗಾಗಿ ಚುಚ್ಚುವ ದ್ರಾವಣವೇ ಗೋಡೆಯನ್ನು ದುರ್ಬಲಗೊಳಿಸಿದರೆ ಎತ್ತಿದ್ದಕ್ಕೆ ಅರ್ಥವಿಲ್ಲ. ಬೆಲೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಇದನ್ನು ಪಟ್ಟಿಯಲ್ಲಿ ಉಳಿಸಿಕೊಳ್ಳಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ನಿಧಾನವಾಗಿ ಇಳಿಯುವ ದ್ರಾವಣಗಳು

ಯುರೋಪಿನ ಜಠರ ಮತ್ತು ಕರುಳಿನ ಎಂಡೋಸ್ಕೋಪಿ ಸಂಘವು 2017ರ ತನ್ನ ಮಾರ್ಗಸೂಚಿಯಲ್ಲಿ, ದೊಡ್ಡ ಕರುಳಿನ ಇಎಂಆರ್‌ಗೆ ಸಲೈನಿಗಿಂತ ಮಂದವಾದ ದ್ರಾವಣಗಳನ್ನು ಶಿಫಾರಸು ಮಾಡಿ, ಸಕ್ಸಿನಿಲೇಟೆಡ್ ಜಿಲೆಟಿನ್, ಹೈಡ್ರಾಕ್ಸಿಈಥೈಲ್ ಸ್ಟಾರ್ಚ್ ಮತ್ತು ಗ್ಲಿಸರಾಲ್ ಹೆಸರುಗಳನ್ನು ಎತ್ತಿ ಹೇಳಿತು. ನಮ್ಮ ಜಿಲ್ಲೆಗಳ ಮಟ್ಟಿಗೆ ನಿಜವಾದ ಆಯ್ಕೆ ಇರುವುದು ಈ ಗುಂಪಿನಲ್ಲಿಯೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು.

ಜಿಲೆಟಿನ್ ದ್ರಾವಣವು ಮೂಲತಃ ರಕ್ತಸ್ರಾವದಿಂದ ಬಿದ್ದ ರಕ್ತದೊತ್ತಡವನ್ನು ಏರಿಸಲು ಶಿರೆಗೆ ಕೊಡುವಂಥದ್ದು. ಆಸ್ಟ್ರೇಲಿಯಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಸಲೈನ್ ಬಳಸಿದವರಿಗಿಂತ ಜಿಲೆಟಿನ್ ಬಳಸಿದವರಲ್ಲಿ ಕಡಿಮೆ ಚುಚ್ಚುಗಳು ಸಾಕಾದವು, ಕಡಿಮೆ ದ್ರಾವಣ ಖರ್ಚಾಯಿತು, ಕೆಲಸವೂ ಬೇಗ ಮುಗಿಯಿತು. ಇದರಲ್ಲಿ ಎರಡು ಎಚ್ಚರಿಕೆಗಳಿವೆ. ಕೆಲವರಿಗೆ ಇದು ಅಲರ್ಜಿ ಉಂಟುಮಾಡಬಹುದು. ಎರಡನೆಯದು, ಇದರ ಜಿಲೆಟಿನ್ ದನದ ಅಂಗಾಂಶದಿಂದ ತಯಾರಾದದ್ದು. ಅಥಣಿ, ಚಿಕ್ಕೋಡಿಯ ಕಡೆಯ ಜೈನ ಕುಟುಂಬಗಳಿಗೂ, ಮೂರೂ ಜಿಲ್ಲೆಗಳ ಸಸ್ಯಾಹಾರಿ ಮನೆತನಗಳಿಗೂ ಇದು ಸಣ್ಣ ವಿಷಯವಲ್ಲ. ರೋಗಿ ಮಲಗಿದ ಮೇಲೆ ತಿಳಿಯುವುದಕ್ಕಿಂತ ಒಪ್ಪಿಗೆಯ ಪತ್ರಕ್ಕೆ ಸಹಿ ಮಾಡಿಸುವಾಗಲೇ ಹೇಳುವುದು ಮರ್ಯಾದೆ. ಬೇರೆ ದ್ರಾವಣ ಇದ್ದೇ ಇರುವಾಗ ಯಾರ ನಂಬಿಕೆಯನ್ನೂ ನೋಯಿಸುವ ಅಗತ್ಯ ಬರುವುದಿಲ್ಲ.

6 ಪ್ರತಿಶತದ ಸ್ಟಾರ್ಚ್ ದ್ರಾವಣ ಸಸ್ಯಮೂಲದ್ದು, ಸಲೈನಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ, ಸಣ್ಣ ಸೂಜಿಯಲ್ಲೂ ತಡೆಯಿಲ್ಲದೆ ಹೋಗುತ್ತದೆ. ಆದರೆ ಶಿರೆಗೆ ಕೊಟ್ಟಾಗ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ, ಗಂಭೀರ ಸ್ಥಿತಿಯಲ್ಲಿರುವವರ ಸಾವಿನ ಅಪಾಯ ಹೆಚ್ಚುತ್ತದೆ ಎಂಬ ಕಾರಣಕ್ಕೆ ಯುರೋಪಿನಲ್ಲಿ 2022ರಲ್ಲಿ ಇದರ ಮಾರಾಟವನ್ನು ಅಮಾನತಿನಲ್ಲಿಡಲಾಯಿತು. ಕರುಳಿನ ಗೋಡೆಗೆ ಚುಚ್ಚುವ ಪ್ರಮಾಣ ಬಹಳ ಸಣ್ಣದು, ಶಿರೆಗೆ ಏರಿಸುವ ಅರ್ಧ ಲೀಟರಿನ ಅಪಾಯವನ್ನು ಅದಕ್ಕೆ ಹಾಗೆಯೇ ಅನ್ವಯಿಸಲಾಗದು. ಆದರೂ ಶಿರೆಯ ಬಳಕೆ ಕುಗ್ಗಿದಂತೆ ಔಷಧದ ಅಂಗಡಿಯಲ್ಲಿ ಅದರ ಲಭ್ಯತೆಯೂ ಕುಗ್ಗುವುದು ಸಹಜ. ಇಂಥ ದ್ರಾವಣದ ಮೇಲೆ ಇಡೀ ಕೊಠಡಿಯ ಪದ್ಧತಿಯನ್ನು ಕಟ್ಟುವುದು ದೂರದೃಷ್ಟಿಯ ಮಾತಲ್ಲ.

ಗ್ಲಿಸರಾಲ್ ದ್ರಾವಣದ ಬಳಕೆ ಜಪಾನಿನಲ್ಲಿ ಹೆಚ್ಚು. ಮಿದುಳಿನ ಊತ ಇಳಿಸಲು ಅಲ್ಲಿ ಕೊಡುವ, 10 ಪ್ರತಿಶತ ಗ್ಲಿಸರಾಲ್ ಮತ್ತು 5 ಪ್ರತಿಶತ ಫ್ರಕ್ಟೋಸ್ ಇರುವ ಸಲೈನನ್ನೇ ಈ ಕೆಲಸಕ್ಕೂ ಬಳಸುತ್ತಾರೆ. ಎತ್ತರ ಚೆನ್ನಾಗಿ ನಿಲ್ಲುತ್ತದೆ, ಅಂಗಾಂಶಕ್ಕೆ ಹಾನಿಯಿಲ್ಲ. ವಿದ್ಯುತ್ ಚಾಕು ತಗುಲಿದಾಗ ಹೊಗೆ ಏಳುವುದೇ ಇದರ ಕಿರಿಕಿರಿ.

ಹೈಡ್ರಾಕ್ಸಿಪ್ರೊಪೈಲ್ ಮೀಥೈಲ್‌ಸೆಲ್ಯುಲೋಸ್ ಎಂಬ ಉದ್ದ ಹೆಸರಿನ ವಸ್ತುವನ್ನು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ 2 ಪ್ರತಿಶತದ ಮಂದ ದ್ರಾವಣವಾಗಿ ದಿನವೂ ಬಳಸುತ್ತಾರೆ. ಕಣ್ಣಿನ ಶಸ್ತ್ರಚಿಕಿತ್ಸೆ ನಡೆಯುವ ಪ್ರತಿ ತಾಲೂಕು ಊರಿನಲ್ಲೂ ಅದು ಸಿಗುವುದರಿಂದ, ನಮ್ಮ ಕಡೆಯವರಿಗೆ ಇದು ಗಮನಿಸಬೇಕಾದ ಆಯ್ಕೆ. 2 ಪ್ರತಿಶತದ ದ್ರಾವಣ ಉದ್ದನೆಯ ಎಂಡೋಸ್ಕೋಪಿ ಸೂಜಿಯಲ್ಲಿ ದಾಟದಷ್ಟು ಗಟ್ಟಿ, ಆದ್ದರಿಂದ ಸಲೈನಿನಲ್ಲಿ ತೆಳುವಾಗಿಸಬೇಕು. 2 ಮಿಲಿಲೀಟರಿಗೆ 6 ಮಿಲಿಲೀಟರ್ ಸಲೈನ್ ಬೆರೆಸಿದರೆ 0.5 ಪ್ರತಿಶತವಾಗುತ್ತದೆ, ಪ್ರಕಟವಾದ ಅನುಭವಗಳೂ ಈ ಆಸುಪಾಸಿನ ಪ್ರಮಾಣದವು. ಇದು ಪ್ರಾಣಿಮೂಲದ್ದಲ್ಲ, ಅಗ್ಗವಾದದ್ದು, ಸಲೈನಿಗಿಂತ ಬಹಳ ಹೊತ್ತು ನಿಲ್ಲುವಂಥದ್ದು. ಬೆರೆಸುವ ಕೆಲಸ ನಿರ್ಜಂತುಕವಾಗಿ ನಡೆಯಬೇಕು, ಗುಳ್ಳೆಗಳು ಉಳಿಯಬಾರದು, ಯಾರು ಬೆರೆಸಿದರು ಎಂಬುದು ದಾಖಲಾಗಬೇಕು.

ಹೊತ್ತಿನ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿರುವುದು ಹೈಲುರಾನಿಕ್ ಆಮ್ಲ. ಜಪಾನಿನಲ್ಲಿ ಇಎಸ್‌ಡಿಗೆಂದೇ 0.4 ಪ್ರತಿಶತದ ದ್ರಾವಣ ಸಿದ್ಧವಾಗಿ ಸಿಗುತ್ತದೆ. ನಮ್ಮಲ್ಲಿ ಇದು ಮೊಣಕಾಲಿನ ಚುಚ್ಚುಮದ್ದಾಗಿ ಪರಿಚಿತ, ಬೆಲೆ ಮಾತ್ರ ಹೆಚ್ಚು. ಉಳಿದುಹೋದ ಗೆಡ್ಡೆಯ ಜೀವಕೋಶಗಳು ಬೆಳೆಯಲು ಇದು ಪ್ರಚೋದನೆ ಕೊಡಬಹುದೇ ಎಂಬ ಶಂಕೆ ಪ್ರಾಣಿಗಳ ಮೇಲಿನ ಪ್ರಯೋಗದಿಂದ ಹುಟ್ಟಿದೆ. ಜಠರದ 30 ಮಿಲಿಮೀಟರ್‌ನ ಆರಂಭದ ಕ್ಯಾನ್ಸರನ್ನು ಇಡಿಯಾಗಿ ತೆಗೆಯುವಂಥ ಕೆಲಸಕ್ಕೆ ಇದರ ಬೆಲೆ ಸಾರ್ಥಕ. ಸಾಮಾನ್ಯ ಪಾಲಿಪ್‌ಗೆ ಬಳಸಿದರೆ ದುಂದುವೆಚ್ಚ.

ಕಂಪನಿಗಳು ಬಣ್ಣ ಬೆರೆಸಿ ಸಿದ್ಧಪಡಿಸಿ ಮಾರುವ ಜೆಲ್‌ಗಳೂ ಇವೆ. ಇವುಗಳ ಅನುಕೂಲ ಸ್ಪಷ್ಟ: ಬೆರೆಸುವ ಗೋಜಿಲ್ಲ, ಪ್ರತಿ ಸಲವೂ ಒಂದೇ ಪ್ರಮಾಣ. ಆದರೆ ಕೆಲವು ಜೆಲ್‌ಗಳು ಅಂಗಾಂಶದಲ್ಲಿ ಉಳಿದುಕೊಂಡು, ಆಮೇಲೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕರುಳಿನಲ್ಲಿ ಗೆಡ್ಡೆಯಂತೆಯೂ ಲೋಳೆಯಂತೆಯೂ ಕಂಡು ರೋಗಶಾಸ್ತ್ರ ತಜ್ಞರನ್ನು ದಾರಿ ತಪ್ಪಿಸಿದ ವರದಿಗಳಿವೆ. ಆದುದರಿಂದ ಯಾವುದೇ ಜೆಲ್ ಬಳಸಿದರೂ ಅದರ ಹೆಸರನ್ನು ಪ್ರಯೋಗಾಲಯಕ್ಕೆ ಕಳುಹಿಸುವ ಚೀಟಿಯಲ್ಲಿ ಬರೆಯಲೇಬೇಕು.

ದ್ರಾವಣದೊಳಗೆ ಬೆರೆಸುವ ಬಣ್ಣ ಮತ್ತು ಅಡ್ರಿನಲಿನ್

ದ್ರಾವಣಕ್ಕೆ ಒಂದಿಷ್ಟು ನೀಲಿ ಬೆರೆಸಿದರೆ ಸಬ್‌ಮ್ಯೂಕೋಸಾ ನೀಲಿಯಾಗಿಯೂ ಸ್ನಾಯು ಬಿಳಿಯಾಗಿಯೂ ಕಾಣುತ್ತದೆ, ಹೀಗಾಗಿ ಕತ್ತರಿಸಿದ ತಳದಲ್ಲಿ ನೀಲಿಯ ನಡುವೆ ಬಿಳಿಯ ವೃತ್ತ ಕಂಡರೆ ಸ್ನಾಯುವಿಗೆ ಪೆಟ್ಟಾಗಿದೆ ಎಂದು ತಕ್ಷಣ ಗೊತ್ತಾಗಿ, ರೋಗಿ ಮೇಜಿನ ಮೇಲಿರುವಾಗಲೇ ಕ್ಲಿಪ್ ಹಾಕಿ ಮುಚ್ಚಬಹುದು. ದ್ರಾವಣ ಯಾವುದೇ ಆಗಿರಲಿ, ಈ ಬಣ್ಣವನ್ನು ಬಿಡಬಾರದು. ಇಂಡಿಗೊ ಕಾರ್ಮಿನ್ ಮತ್ತು ಮೆಥಿಲೀನ್ ಬ್ಲೂ ಎರಡೂ ನಡೆಯುತ್ತವೆ. ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಮೆಥಿಲೀನ್ ಬ್ಲೂ ಸಲ್ಲದು. ಖಿನ್ನತೆಯ ಕೆಲವು ಮಾತ್ರೆಗಳ ಜೊತೆಗೂ ಅದು ಹೊಂದುವುದಿಲ್ಲ, ಆದ್ದರಿಂದ ರೋಗಿ ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಮೊದಲು ಕೇಳಿಕೊಳ್ಳಬೇಕು.

ಅನ್ನನಾಳದಲ್ಲಿ ಬಣ್ಣದ ಕೆಲಸ ಬೇರೆ. ಲುಗೋಲ್ ಅಯೋಡಿನ್ ಸಿಂಪಡಿಸಿದಾಗ ಆರೋಗ್ಯವಂತ ಲೋಳೆಪೊರೆ ಕಂದಾಗುತ್ತದೆ, ಕೆಟ್ಟ ಭಾಗ ಬಣ್ಣ ಹಿಡಿಯದೆ ಉಳಿದು ತನ್ನ ಗಡಿಯನ್ನು ತಾನೇ ತೋರಿಸುತ್ತದೆ. ತಂಬಾಕು, ಗುಟ್ಕಾ ಚಟದವರು ಹೆಚ್ಚಿರುವ ನಮ್ಮ ಸೀಮೆಯಲ್ಲಿ ಇದನ್ನು ಇನ್ನಷ್ಟು ಧಾರಾಳವಾಗಿ ಬಳಸಬಹುದಿತ್ತು ಎನ್ನಿಸುತ್ತದೆ. ಎದೆಯುರಿ ಬರುತ್ತದೆ, ಅಯೋಡಿನ್ ಅಲರ್ಜಿ ಇದ್ದವರಿಗೆ ಕೂಡದು.

ಅಡ್ರಿನಲಿನ್ ಬೆರೆಸುವುದು ರಕ್ತನಾಳಗಳನ್ನು ಕುಗ್ಗಿಸಿ ಆ ಹೊತ್ತಿನ ರಕ್ತಸ್ರಾವ ಕಡಿಮೆ ಮಾಡುವುದಕ್ಕೆ. 1 ಮಿಲಿಗ್ರಾಮಿನ ಆಂಪೂಲನ್ನು 100 ಮಿಲಿಲೀಟರಿನಲ್ಲಿ ಬೆರೆಸಿದರೆ ಒಂದು ಲಕ್ಷಕ್ಕೆ ಒಂದರ ಪ್ರಮಾಣ. ಇದರಿಂದ ಮನೆಗೆ ಹೋದ ಮೇಲಿನ ರಕ್ತಸ್ರಾವ ತಪ್ಪುವುದಿಲ್ಲ, ಹೃದಯದ ತೊಂದರೆ ಇದ್ದವರಲ್ಲಿ ಎದೆಬಡಿತ ಮತ್ತು ರಕ್ತದೊತ್ತಡ ಏರಬಹುದು. ಪ್ರತಿಯೊಬ್ಬರಿಗೂ ಕಣ್ಣುಮುಚ್ಚಿ ಬೆರೆಸುವ ವಸ್ತು ಇದಲ್ಲ.

ಮೆಸ್ನಾ: ಎತ್ತುವುದಲ್ಲ, ಸಡಿಲಿಸುವುದು

ಇದುವರೆಗೆ ಹೇಳಿದ್ದೆಲ್ಲವೂ ಪದರಗಳ ನಡುವೆ ಜಾಗ ಮಾಡುವ ದ್ರಾವಣಗಳು. ಮೆಸ್ನಾ ಮಾಡುವುದು ಬೇರೆಯದೇ ಕೆಲಸ. ಐಫಾಸ್ಫಮೈಡ್‌ನಂಥ ಕ್ಯಾನ್ಸರ್ ಔಷಧಗಳು ಮೂತ್ರಕೋಶಕ್ಕೆ ಮಾಡುವ ಹಾನಿಯನ್ನು ತಡೆಯುವುದು ಅದರ ಅಧಿಕೃತ ಉಪಯೋಗ, ಆದುದರಿಂದ ಕೀಮೋಥೆರಪಿ ನಡೆಯುವ ಆಸ್ಪತ್ರೆಗಳಲ್ಲಿ ಅದು ಹೊಸ ವಸ್ತುವಲ್ಲ. ಅದರ ಅಣುವಿನಲ್ಲಿರುವ ಗಂಧಕದ ಗುಂಪು, ಪ್ರೋಟೀನಿನ ಸರಪಳಿಗಳನ್ನು ಪರಸ್ಪರ ಹಿಡಿದಿಟ್ಟ ಡೈಸಲ್ಫೈಡ್ ಬಂಧಗಳನ್ನು ಒಡೆಯುತ್ತದೆ. ಅದೇ ಗುಣದಿಂದ ಅದು ಕಫವನ್ನು ತೆಳುವಾಗಿಸುತ್ತದೆ, ಕಿವಿಯೊಳಗೆ ಚರ್ಮ ಬೆಳೆದು ಗಂಟಾಗುವ ಕೊಲೆಸ್ಟಿಯಟೋಮಾದ ಶಸ್ತ್ರಚಿಕಿತ್ಸೆಯಲ್ಲಿ ಅಂಟಿಕೊಂಡ ಪೊರೆಯನ್ನು ಬಿಡಿಸಲು ನೆರವಾಗುತ್ತದೆ. ಸಬ್‌ಮ್ಯೂಕೋಸಾದ ನಾರುಗಳೂ ಅದರ ಸ್ಪರ್ಶದಿಂದ ಮೆತ್ತಗಾಗಿ, ಚಾಕುವಿನಿಂದ ಕೊಯ್ಯಬೇಕಾದ ಜಾಗದಲ್ಲಿ ಮೊಂಡು ಸಾಧನದಿಂದ ತಳ್ಳಿದರೂ ಬಿಟ್ಟುಕೊಳ್ಳುತ್ತವೆ ಎಂಬುದು ಇದರ ಹಿಂದಿನ ಆಲೋಚನೆ.

ಇದನ್ನು ಜಠರದ ಇಎಸ್‌ಡಿಯಲ್ಲಿ ಪರೀಕ್ಷಿಸಿದ ಜಪಾನಿನ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಯಾರಿಗೆ ಮೆಸ್ನಾ, ಯಾರಿಗೆ ಬರಿಯ ಸಲೈನ್ ಎಂಬುದು ವೈದ್ಯರಿಗೂ ರೋಗಿಗೂ ತಿಳಿಯದ ರೀತಿಯಲ್ಲಿ ಅದು ನಡೆದಿತ್ತು. ಒಟ್ಟಾರೆ ಸಮಯದಲ್ಲಿ ಕಂಡ ವ್ಯತ್ಯಾಸ ಸಂಖ್ಯಾಶಾಸ್ತ್ರದ ಒರೆಗೆ ನಿಲ್ಲಲಿಲ್ಲ. ಆದರೆ ಬಹಳ ಹೊತ್ತು ಹಿಡಿಯುವ ಕಠಿಣ ಪ್ರಕರಣಗಳು ಮೆಸ್ನಾ ಗುಂಪಿನಲ್ಲಿ ಕಡಿಮೆ ಇದ್ದವು, ಉಳಿದ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ನೋಡಿದಾಗ ಸಮಯದ ಉಳಿತಾಯಕ್ಕೂ ಮೆಸ್ನಾಗೂ ಸಂಬಂಧ ಕಂಡಿತು. ನಾನು ಇದನ್ನು ಓದಿಕೊಳ್ಳುವುದು ಹೀಗೆ: ಸುಲಭದ ಗಂಟಿಗೆ ಮೆಸ್ನಾ ಏನನ್ನೂ ಸೇರಿಸುವುದಿಲ್ಲ, ಕಷ್ಟದ ಗಂಟಿನಲ್ಲಿ ಕೈ ಹಿಡಿಯಬಹುದು. ರಕ್ತನಾಳಗಳನ್ನು ಅದು ಮುಚ್ಚುವುದಿಲ್ಲ, ಆ ಕೆಲಸ ವಿದ್ಯುತ್ ಚಾಕು ಮತ್ತು ಇಕ್ಕಳದ್ದೇ. ಕರುಳಿನ ಗೋಡೆಗೆ ಚುಚ್ಚುವುದು ಅದರ ಅಧಿಕೃತ ಉಪಯೋಗವಲ್ಲದ ಕಾರಣ ರೋಗಿಯ ಲಿಖಿತ ಒಪ್ಪಿಗೆಯೂ ಆಸ್ಪತ್ರೆಯ ನೈತಿಕ ಸಮಿತಿಯ ಅರಿವೂ ಇರಬೇಕು. ಇಎಸ್‌ಡಿಯಲ್ಲಿ ಈಗಾಗಲೇ ಪಳಗಿದ ಕೇಂದ್ರಕ್ಕೆ ಇದು ಹೆಚ್ಚುವರಿ ಸಾಧನ, ಇಎಸ್‌ಡಿ ಕಲಿಯಲು ಅಡ್ಡದಾರಿಯಲ್ಲ.

ಗಂಟು ಏಳದಿದ್ದಾಗ

ಸರಿಯಾದ ಪದರಕ್ಕೆ ಚುಚ್ಚಿದರೂ ಸುತ್ತಲಿನ ಭಾಗವಷ್ಟೇ ಎದ್ದು ಗಂಟು ಮಾತ್ರ ಕೆಳಗೇ ಅಂಟಿಕೊಂಡರೆ, ಕ್ಯಾನ್ಸರ್ ಆಳಕ್ಕೆ ಇಳಿದಿರಬಹುದು, ಇಲ್ಲವೇ ಹಿಂದಿನ ಗಾಯದ ಕಲೆ ಪದರಗಳನ್ನು ಬೆಸೆದಿರಬಹುದು. ಮೊದಲನೆಯದಕ್ಕೆ ಯಾವ ದ್ರಾವಣವೂ ಉತ್ತರವಲ್ಲ, ಶಸ್ತ್ರಚಿಕಿತ್ಸಕರ ಅಭಿಪ್ರಾಯ ಬೇಕು. ಎರಡನೆಯದು ಬಹುಪಾಲು ನಮ್ಮ ಕೈಯಿಂದಲೇ ಆದದ್ದಾಗಿರುತ್ತದೆ. ಇಂಡಿಯಲ್ಲೋ ಜಮಖಂಡಿಯಲ್ಲೋ ಮೊದಲ ಸಲ ಕೊಲೊನೋಸ್ಕೋಪಿ, ಅಂದರೆ ದೊಡ್ಡ ಕರುಳಿನ ಎಂಡೋಸ್ಕೋಪಿ, ಮಾಡಿದವರು ಚಪ್ಪಟೆ ಪಾಲಿಪ್‌ನಿಂದ ಪರೀಕ್ಷೆಗೆಂದು ಹಲವು ಬಯಾಪ್ಸಿ ತುಂಡುಗಳನ್ನು ತೆಗೆದು, ಗುರುತಿಗೆಂದು ಅದರಡಿಗೇ ಕಪ್ಪು ಶಾಯಿ ಚುಚ್ಚಿ, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳುಹಿಸಿದರೆ, ಅಲ್ಲಿ ಎಷ್ಟು ದುಬಾರಿ ಜೆಲ್ ಇದ್ದರೂ ಗಂಟು ಏಳುವುದು ಕಷ್ಟ. ತೆಗೆಯಲು ಕಳುಹಿಸುವುದು ಖಚಿತವಿದ್ದರೆ ಒಳ್ಳೆಯ ಚಿತ್ರಗಳನ್ನು ತೆಗೆದು, ಬಯಾಪ್ಸಿಯನ್ನು ತಪ್ಪಿಸಿ, ಶಾಯಿಯನ್ನು ಗಂಟಿನಿಂದ ಸುಮಾರು 3 ಸೆಂಟಿಮೀಟರ್ ಗುದದ್ವಾರದ ಕಡೆಗೆ ಹಾಕುವುದು ಒಳ್ಳೆಯದು. ದ್ರಾವಣಗಳ ನಡುವಿನ ವ್ಯತ್ಯಾಸಕ್ಕಿಂತ ಈ ಎಚ್ಚರಿಕೆಯಿಂದ ಆಗುವ ಉಪಕಾರ ದೊಡ್ಡದು.

ಹಾಗಾದರೆ ಕಪಾಟಿನಲ್ಲಿ ಏನಿರಬೇಕು

ಪಾಲಿಪ್ ತೆಗೆಯುವುದಕ್ಕಷ್ಟೇ ಸೀಮಿತವಾದ ಕೊಠಡಿಗೆ ಸಲೈನ್, ಮೆಥಿಲೀನ್ ಬ್ಲೂ, ಬೇಕೆಂದಾಗ ಬೆರೆಸಲು ಅಡ್ರಿನಲಿನ್ ಮತ್ತು ಮಂದ ದ್ರಾವಣಗಳಲ್ಲಿ ಒಂದು, ಇಷ್ಟು ಸಾಕು. ಆ ಒಂದನ್ನು ನಾನು ಆರಿಸುವುದಾದರೆ ಬೆಲೆ, ಮೂಲ ಮತ್ತು ಲಭ್ಯತೆ ಮೂರನ್ನೂ ನೋಡಿ ಕಣ್ಣಿನ ಶಸ್ತ್ರಚಿಕಿತ್ಸೆಯ ಮೀಥೈಲ್‌ಸೆಲ್ಯುಲೋಸನ್ನು ಆರಿಸುತ್ತೇನೆ. ಬೆರೆಸುವ ಶಿಸ್ತು ಇಲ್ಲದ ಕಡೆ, ರೋಗಿಯ ಒಪ್ಪಿಗೆಯೊಂದಿಗೆ, ಜಿಲೆಟಿನ್. 20 ಮಿಲಿಮೀಟರ್ ದಾಟಿದ ಗಂಟುಗಳನ್ನು ಅಪರೂಪಕ್ಕೆ ನೋಡುವ ಕೇಂದ್ರವು ಹೈಲುರಾನಿಕ್ ಆಮ್ಲವನ್ನು ತರಿಸಿಟ್ಟುಕೊಂಡು ಅವಧಿ ಮೀರಿಸುವುದಕ್ಕಿಂತ, ಅಂಥವರನ್ನು ಗಂಟು ಮುಟ್ಟದೆ ಮುಂದಕ್ಕೆ ಕಳುಹಿಸುವುದೇ ಮೇಲು.

ರೋಗಿಯ ಕಡೆಯವರು ಕೇಳಬೇಕಾದ ಪ್ರಶ್ನೆಗಳು ದ್ರಾವಣದ ಹೆಸರಿಗಿಂತ ಸರಳ: ಗಂಟು ಎಷ್ಟು ಮಿಲಿಮೀಟರ್, ಇಡಿಯಾಗಿ ಬರುತ್ತದೆಯೇ ತುಂಡಾಗಿಯೇ, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಯನ್ನು ಯಾವಾಗ ನಿಲ್ಲಿಸಬೇಕು, ಮತ್ತೆ ಯಾವಾಗ ಶುರು ಮಾಡಬೇಕು. ಮಾತ್ರೆಯನ್ನು ಹೃದಯದ ವೈದ್ಯರನ್ನು ಕೇಳದೆ ತಾವಾಗಿಯೇ ನಿಲ್ಲಿಸಬಾರದು. ತುಂಡುತುಂಡಾಗಿ ತೆಗೆದಿದ್ದರೆ ಸುಮಾರು ಆರು ತಿಂಗಳೊಳಗೆ ಮತ್ತೊಮ್ಮೆ ಕೊಲೊನೋಸ್ಕೋಪಿ ಮಾಡಿಸಿ, ಅಂಚಿನಲ್ಲಿ ಏನಾದರೂ ಉಳಿದಿದೆಯೇ ಎಂದು ನೋಡಿಸಬೇಕು. ರಕ್ತಸ್ರಾವವು ಎರಡು ವಾರಗಳವರೆಗೂ ಆಗಬಹುದು. ಮುದ್ದೇಬಿಹಾಳ, ಸಿಂದಗಿಯ ಕಡೆಯಿಂದ ಬೆಳಗಾವಿಗೆ ಬಂದು ಮಾಡಿಸಿಕೊಂಡವರು ಊರಿಗೆ ಹೊರಡುವ ಮುನ್ನ, ಮಲದಲ್ಲಿ ರಕ್ತ, ತಲೆಸುತ್ತು, ಜ್ವರ ಅಥವಾ ಬಿಡದ ಹೊಟ್ಟೆನೋವು ಕಂಡರೆ ಹತ್ತಿರದ ಯಾವ ಆಸ್ಪತ್ರೆಗೆ ಹೋಗಬೇಕು ಎಂದು ಕೇಳಿ ಬರೆಸಿಕೊಳ್ಳಬೇಕು, ಏನು ತೆಗೆಯಲಾಯಿತು, ಯಾವ ದ್ರಾವಣ ಚುಚ್ಚಲಾಯಿತು ಎಂದು ನಮೂದಿಸಿದ ಡಿಸ್ಚಾರ್ಜ್ ಪತ್ರವನ್ನು ಜೊತೆಗಿಟ್ಟುಕೊಳ್ಳಬೇಕು.